ಹಿಂದಿನ ಬಾಗಿಲ ಅರಿಶಿನ ನೀರು

ನನಗಾಗ ಹನ್ನೊಂದು. ಅದಾಗಿ ಅರವತ್ತು ವರ್ಷದ ಮೇಲಾಯಿತು. ಮೇಲೆ ಎಷ್ಟು ಎಂದು ಕೇಳಿದರೆ ನನಗೆ ಲೆಕ್ಕ ಬಾರದು. ಬೆಟ್ಟದ ಮೇಲೆ ದೊಡ್ಡ ಅಣೆ ಕಟ್ಟುತ್ತಿದ್ದ ಕಾಲ, ನಮ್ಮಪ್ಪ ಅಲ್ಲಿಗೆ ಗಾಡಿಯಲ್ಲಿ ಸುಣ್ಣ ಸಾಗಿಸುತ್ತಿದ್ದ ಕಾಲ. ಅಷ್ಟು ಸಾಕು.

ಹೋದ ವಾರ ಒಬ್ಬ ಕುರಿ ಕಾಯುವವನು ತುಂತುರಿಗೆ ನೆನೆದ ಕಂಬಳಿಯನ್ನು ನಮ್ಮ ಜಗುಲಿಯ ಮೇಲೆ ಹರಡಿ, ಒಂದು ಚೊಂಬು ನೀರು ಕುಡಿದು, ಒಣಗಲಿ ಎಂದು ಕೂತ. ಬಿಸಿಲು ಏರಿತು. ಹಸಿ ಉಣ್ಣೆ ಕಾದಾಗ ಒಂದು ಜಿಡ್ಡುವಾಸನೆ ಬರುತ್ತದೆ, ಅರ್ಧ ಕುರಿ, ಅರ್ಧ ಹಳಸಿದ ತುಪ್ಪ. ಮೊಮ್ಮಗನ ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆ ಹೋದಳು. ನಾನು ಹೋಗಲಿಲ್ಲ. ಕಂಬಕ್ಕೆ ಒರಗಿ ಅಲ್ಲೇ ಕೂತೆ. ಕೈ ತಾನಾಗಿ ಎಡತೋಳಿಗೆ ಹೋಯಿತು. ಅಲ್ಲಿ ಹುಣಸೆಬೀಜದಷ್ಟು ಒಂದು ಕುಳಿ ಇದೆ. ಆ ಕುಳಿ ಮಾಡಿದವನು ನೆನಪಿಗೆ ಬಂದ...

ಸಿಡುಬಿಗೆ ನಮ್ಮ ಕಂಬಂ ಕಣಿವೆಯಲ್ಲಿ ಅಮ್ಮೆ ಎನ್ನುತ್ತಾರೆ. ಆಗಿನವರಿಗೆ ಅದು ರೋಗವಲ್ಲ, ತಾಯಿ. ಮೈಮೇಲೆ ಬರುತ್ತಾಳೆ, ಇದ್ದು ಹೋಗುತ್ತಾಳೆ, ಹೋಗುವಾಗ ಕೆಲವರನ್ನು ಕರೆದುಕೊಂಡೂ ಹೋಗುತ್ತಾಳೆ. ಅದು ಬಾರದಂತೆ ತೋಳಿಗೆ ಗೀರಿ ಮದ್ದು ಹಚ್ಚಲು ಬಂದವನು ಅವನು. ಅದಕ್ಕೆ ಊರ ಮಕ್ಕಳೆಲ್ಲ ಅವನನ್ನು ಅಮ್ಮೆಯಣ್ಣ ಎಂದೆವು. ಮದರಾಸಿನಲ್ಲಿ ವೈದ್ಯ ಕಲಿಯುತ್ತಿದ್ದವನು. ಕಲಿಕೆ ಇನ್ನೂ ಮುಗಿದಿರಲಿಲ್ಲ, ಮೀಸೆಯೂ ಸರಿಯಾಗಿ ಬಂದಿರಲಿಲ್ಲ. ಒಬ್ಬ ದೊಡ್ಡ ಡಾಕ್ಟರ ಕೈಕೆಳಗೆ ಪಳಗಲಿ ಎಂದು ನಮ್ಮ ಕಡೆಗೆ ಕಳಿಸಿದ್ದರು. ಅವನದು ತಮಿಳು. ನಮ್ಮದು ಮನೆಯೊಳಗೆ ಕನ್ನಡ, ಬೀದಿಗೆ ಇಳಿದರೆ ತಮಿಳು. ನಮ್ಮಲ್ಲಿ ಇದ್ದೂ ಇದ್ದೂ ಅವನು ಎರಡನ್ನೂ ಕಲಸಿ ಆಡುತ್ತಿದ್ದ, ಮೊಸರನ್ನಕ್ಕೆ ಸಾರು ಹಾಕಿಕೊಂಡ ಹಾಗೆ.

ಆಗೆಲ್ಲ ಗೀರುವುದು ಒಂದು ಮಗುವಿನ ತೋಳಿನಿಂದ ಇನ್ನೊಂದು ಮಗುವಿನ ತೋಳಿಗೆ. ಯಾವುದೋ ಊರಿನ, ಯಾವುದೋ ಜಾತಿಯ ಮಗುವನ್ನು ಗಾಡಿಯಲ್ಲಿ ಕೂರಿಸಿಕೊಂಡು ತರುತ್ತಿದ್ದರು. ಅದರ ತೋಳಿನ ಬೊಕ್ಕೆ ಒಡೆದು, ಅದರ ಕೀವನ್ನು ನಮ್ಮ ಮಕ್ಕಳಿಗೆ ಹಚ್ಚಬೇಕು. ಆ ಗಾಡಿಯ ಸದ್ದು ಕೇಳಿದರೆ ನಮ್ಮ ಬೀದಿಯ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಜೋಳದ ಹೊಲಕ್ಕೆ ಇಳಿಯುತ್ತಿದ್ದರು. ಕರುವಿನಿಂದ ತೆಗೆದ ಮದ್ದೂ ಇತ್ತು, ಅದಕ್ಕೆ ಅವರು ಹಾಲು ಎನ್ನುತ್ತಿದ್ದರು. ಆದರೆ ಅದು ಮದರಾಸಿನಿಂದ ರೈಲಿನಲ್ಲಿ ಬಂದು, ಆಮೇಲೆ ದಿನಗಟ್ಟಲೆ ಎತ್ತಿನ ಗಾಡಿಯಲ್ಲಿ ಬಿಸಿಲು ತಿಂದು, ನಮ್ಮೂರು ಸೇರುವ ಹೊತ್ತಿಗೆ ಸತ್ತಿರುತ್ತಿತ್ತು. ಅಮ್ಮೆಯಣ್ಣನ ತಲೆಯಲ್ಲಿ ಇದ್ದದ್ದು ಇದೊಂದೇ. ನಮ್ಮ ಬಿಸಿಲಿನಲ್ಲಿ ಆ ಹಾಲಿನ ಜೀವ ಉಳಿಸುವುದು ಹೇಗೆ. ಊಟಕ್ಕೆ ಕೂತರೂ ಅದೇ ಮಾತು, ಎಲೆ ಎತ್ತುವಾಗಲೂ ಅದೇ.

ಅವನು ಕರು ಕೇಳಿಕೊಂಡು ನಮ್ಮ ಬೀದಿಯ ಮನೆಮನೆಯ ಬಾಗಿಲಿಗೂ ಹೋದ. ಹಸುವಿನ ಮೈಗೆ ಕತ್ತಿ ತಾಗಿಸುವವನು ಎಂದು ಎಲ್ಲರೂ ಅಟ್ಟಿದರು. ನಮ್ಮಜ್ಜಿ ಅಟ್ಟಲಿಲ್ಲ. ಅಪ್ಪನ ತಾಯಿ ಅವಳು. ನನ್ನ ತಾಯಿ ತಮ್ಮನನ್ನು ಹೆತ್ತು ತೀರಿಕೊಂಡಿದ್ದಳು, ಮನೆ ಅಜ್ಜಿಯದೇ. "ಸಾಯಾಕಿಲ್ಲ ತಾನೆ?" ಎಂದು ಕೇಳಿದಳು. "ಸತ್ತರೆ ನನ್ನನ್ನ ನೊಗಕ್ಕೆ ಕಟ್ಟು ಪಾಟ್ಟಿ," ಎಂದ. ಅಜ್ಜಿಗೆ ಆ ಮಾತು ಹಿಡಿಸಿತು. ಅಂದಿನಿಂದ ತಮಿಳಿನ ರೂಢಿಯಂತೆ ಅಜ್ಜಿ ಅವನಿಗೆ ಪಾಟ್ಟಿ, ಅವನು ಅಜ್ಜಿಗೆ ತಂಬಿ. ನಾನು ಸಾಕಿದ ಕರುವನ್ನೇ ಕೊಟ್ಟಳು.

ಅವನು ಅದರ ಹೊಟ್ಟೆಯ ಕೂದಲು ಬೋಳಿಸಿ, ಗೀರಿ, ತಾನು ರಾತ್ರಿ ಹೊತ್ತೇ ಗಾಡಿ ಹೊಡೆಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ, ಇನ್ನೂ ಜೀವ ಉಳಿದಿದ್ದ ಹಾಲು ಹಚ್ಚಿದ. ಬೊಕ್ಕೆ ಎದ್ದವು. ಕೊಟ್ಟಿಗೆಯಲ್ಲೇ ಮಲಗಿ ನೊಣ ಓಡಿಸಿದ. ಕರು ಒದ್ದರೆ ಒದೆಸಿಕೊಂಡ. ಅಜ್ಜಿ ಮಾತ್ರ ಬೊಕ್ಕೆ ನೋಡಿದ ದಿನವೇ ಕರುವಿನ ಕೊರಳಿಗೆ ಬೇವಿನ ಸೊಪ್ಪು ಕಟ್ಟಿದಳು. ಹಣೆಗೆ ಅರಿಶಿನ ಇಟ್ಟು ಕೈ ಮುಗಿದಳು. ಅವನಿಗೆ ಅದು ಹಾಲು. ಅಜ್ಜಿಗೆ ಅಮ್ಮನೇ ಕರುವಿನ ಹೊಟ್ಟೆಯಲ್ಲಿ ಬಂದು ಕೂತಿದ್ದಳು. ಅವನು ನೋಡಿ ನಕ್ಕ, ಬೇಡ ಎನ್ನಲಿಲ್ಲ.

ಆಮೇಲೆ ಉಣ್ಣೆಯ ಕೆಲಸ. ಕುರಿಯ ಹಸಿ ಉಣ್ಣೆಯನ್ನು ನಮ್ಮ ದೊಡ್ಡ ಮಡಕೆಯಲ್ಲಿ ಕುದಿಸಿ, ಮೇಲೆ ತೇಲುವ ಜಿಡ್ಡನ್ನು ತೆಗೆದು, ಸೋಸಿ, ಮತ್ತೆ ಕುದಿಸಿ ಸೋಸಿ, ಬೆಣ್ಣೆಯ ಹಾಗೆ ಮಾಡುತ್ತಿದ್ದ. ಬೀದಿಯೆಲ್ಲ ನಾತ.

"ಏನ್ ತಂಬಿ, ಕಂಬ್ಳಿ ಬೇಯ್ಸಿ ಸಾರು ಮಾಡೀಯೇನು?" ಎಂದಳು ಅಜ್ಜಿ.

"ನಿನಗಲ್ಲ ಪಾಟ್ಟಿ. ಅಮ್ಮೆಹಾಲಿಗೆ. ಈ ಜಿಡ್ಡಿನೊಳಗೆ ಕಲಸಿಟ್ಟರೆ ಬಿಸಿಲು ತಾಗಲ್ಲ ಅಂತ ನನ್ನ ಎಣಿಕೆ."

"ಮದ್ರಾಸ್ನಾಗೆ ಇದ್ನಾ ಕಲ್ಸಾದು? ನಿಮ್ಮವ್ವ ಕೇಳಿದ್ರೆ ಎದೆ ಬಡ್ಕೊಂತಾಳೆ."

"ನಮ್ಮವ್ವನಿಗೆ ಹೇಳಿಲ್ಲ. ಮಗ ಕುರ್ಚಿ ಮೇಲೆ ಕೂತಿದ್ದಾನೆ ಅಂದುಕೊಂಡಿದ್ದಾಳೆ."

ಕರುವಿನ ಬೊಕ್ಕೆಯ ಹಾಲನ್ನು ಆ ಜಿಡ್ಡಿನಲ್ಲಿ ಅರೆದು, ಸಣ್ಣ ಕೊಂಬಿನ ಡಬ್ಬಿಗಳಿಗೆ ತುಂಬಿ, ಬೇಕೆಂದೇ ಕೊಟ್ಟಿಗೆಯ ಸೂರಿನ ಕೆಳಗೆ ಬಿಸಿ ಹೊಡೆಯುವ ಕಡೆ ಇಟ್ಟ. ಪಂಗುಣಿ ತಿಂಗಳು, ನೆಲ ಕಾದು ಹಂಚಾಗಿತ್ತು. ತಿಂಗಳು ಕಳೆದ ಮೇಲೆ ನಮ್ಮ ಬೀದಿಯ ಮಕ್ಕಳಿಗೆ ಗೀರುವುದು ಎಂದಾಯಿತು. ಕರುವಿನದು ಎಂದ ಮೇಲೆ ಹೆಂಗಸರು ಒಪ್ಪಿದರು. ಹಿಂದಿನ ದಿನ ಅವನು ಅಜ್ಜಿಯ ಹತ್ತಿರ ಕೂತು ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. "ದೊಡ್ಡ ಡಾಕ್ಟರು ಒಂದೇ ಸಲ ಅಂದಿದ್ದಾರೆ ಪಾಟ್ಟಿ. ವಾರ ಬಿಟ್ಟು ಬಂದು ನೋಡ್ತಾರೆ. ಒಂದೇ ಒಂದು ಕೈಯಲ್ಲಿ ಬೊಕ್ಕೆ ಎದ್ದರೆ ಗೆದ್ದೆ. ಆಮೇಲೆ ಊರೂರಿಗೂ ಕರು, ಇನ್ನೊಬ್ಬರ ಮಗು ಬೇಡ. ಒಂದೂ ಏಳದಿದ್ದರೆ ಇದನ್ನ ಬಿಡಬೇಕು."

"ಯೋಚ್ನೆ ಬುಡು ತಂಬಿ. ನಾನಿಲ್ವಾ?" ಎಂದಳು ಅಜ್ಜಿ.

ಅವಳು ಇದ್ದಳು. ನಮ್ಮ ಮನೆಯ ಮುಂದಿನ ಅಂಗಳದಲ್ಲಿ ಅವನು ಕೂತು ಗೀರಿದ. ಗೀರಿಸಿಕೊಂಡ ಮಕ್ಕಳನ್ನು ತಾಯಂದಿರು ನಮ್ಮ ನಡುಮನೆಯ ಮೂಲಕ ಹಿತ್ತಲಿಗೆ ಕರೆದುಕೊಂಡು ಹೋದರು. ಅಲ್ಲಿ ಅಜ್ಜಿ ಅರಿಶಿನ ಕಲಸಿದ ನೀರು, ಅರೆದ ಬೇವು ಇಟ್ಟುಕೊಂಡು ಕೂತಿದ್ದಳು. ಅಮ್ಮ ಮನೆಗೆ ಬಂದರೆ ತಂಪು ಮಾಡಿ ಕಳಿಸಬೇಕು, ಅದು ನಮ್ಮ ಕಡೆಯ ಮರ್ಯಾದೆ. "ಬಂದ್ಯಾ ತಾಯಿ, ನೋಡ್ದ್ಯಾ, ತಣ್ಣಗೆ ಹೋಗು," ಎಂದು ಒಂದೊಂದು ತೋಳನ್ನೂ ತೊಳೆದು, ಒರೆಸಿ, ಬೇವು ಮೆತ್ತಿದಳು. ಮುಂದಿನ ಬಾಗಿಲಲ್ಲಿ ಅವನು ಹಚ್ಚಿದ. ಹಿಂದಿನ ಬಾಗಿಲಲ್ಲಿ ಅವಳು ತೊಳೆದಳು. ಅವನಿಗೆ ಹೇಳಬೇಕು ಎಂದು ಯಾರಿಗೂ ಹೊಳೆಯಲಿಲ್ಲ. ಮುಚ್ಚಿಡಬೇಕು ಎಂದೂ ಇರಲಿಲ್ಲ. ಊಟ ಮಾಡಿ ಹೋದವನಿಗೆ ಎಂಜಲು ಹೇಗೆ ಬಳಿದೆವು ಎಂದು ಯಾರಾದರೂ ಹೇಳಿ ಕಳಿಸುತ್ತಾರೆಯೇ?

ನನ್ನ ಸರದಿ ಕೊನೆಗೆ ಬಂತು, ತಮ್ಮನ ಹಿಂದೆ. ತಮ್ಮನಿಗೆ ಆಗ ನಾಲ್ಕು ವರ್ಷ. ಗೀರಿದ್ದಕ್ಕೆ ಅವನು ಅಳಲಿಲ್ಲ, ಬೇವು ಮೆತ್ತಿದ್ದಕ್ಕೆ ಅತ್ತ. ನನಗೆ ಗೀರಿ ಮುಗಿಸುವುದಕ್ಕೂ ಕರು ಹಗ್ಗ ಕಿತ್ತುಕೊಂಡು ಓಡುವುದಕ್ಕೂ ಸರಿಹೋಯಿತು. ನಾನು ಅದರ ಹಿಂದೆ ಓಡಿದೆ. ಕಾಲುವೆ ದಾಟಿ ಯಾರದೋ ಗದ್ದೆಯಲ್ಲಿ ಸಿಕ್ಕಿತು. ಹಿಡಿದು ತರುವಾಗ ಹೊತ್ತು ಇಳಿದಿತ್ತು, ತೋಳು ಒಣಗಿತ್ತು. ಅಜ್ಜಿ ಬೈದು, ಆಮೇಲೆ ತೊಳೆದಳು. ಅಷ್ಟರಲ್ಲಿ ಮದ್ದು ಒಳಗೆ ಇಳಿದಿತ್ತು, ಆ ನೀರು ಏನೂ ಮಾಡಲಿಲ್ಲ.

ನಾಲ್ಕಾರು ದಿನಕ್ಕೆ ನನಗೆ ಜ್ವರ ಬಂತು. ತೋಳಿನಲ್ಲಿ ಮುತ್ತಿನಂಥ ಬೊಕ್ಕೆ. ಅಜ್ಜಿ ನೋಡಿದವಳೇ ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದಳು. "ಇಷ್ಟು ಜನ್ದಾಗೆ ಅವ್ವ ನಿನ್ ಮೇಲೆ ಮನ್ಸು ಮಾಡವ್ಳೆ," ಎಂದಳು. ಬಾಗಿಲಿಗೆ ಬೇವು ಬಿಗಿದಳು. ಒಗ್ಗರಣೆ ನಿಂತಿತು. ನನ್ನನ್ನು ಒಳಕೋಣೆಯಲ್ಲಿ ಬೇವಿನೆಲೆಯ ಮೇಲೆ ಮಲಗಿಸಿದಳು.

ಇಲ್ಲಿ ಒಂದು ಮಾತು ಸೀದಾ ಹೇಳಿಬಿಡುತ್ತೇನೆ. ನಾನು ಕಪ್ಪು, ಒರಟು, ಸಗಣಿ ಬಾಚುವ ಹುಡುಗಿ. ಬೀದಿಯಲ್ಲಿ ಯಾರೂ ನನ್ನ ಕಡೆ ಎರಡನೇ ಸಲ ನೋಡಿದವರಲ್ಲ. ಆ ವಾರ ನನ್ನ ಕಾಲು ಮುಟ್ಟಿದರು. ತಲೆಗೆ ಮೊಟಕುತ್ತಿದ್ದ ಚಿಕ್ಕಮ್ಮಂದಿರು ಎಳನೀರು ತಂದು "ಕುಡಿ ತಾಯಿ" ಎಂದರು. ತಮ್ಮ ಬೇವಿನ ಕೊಂಬೆ ಹಿಡಿದು ಗಾಳಿ ಬೀಸಿದ. ನಿಲ್ಲಿಸಿದರೆ ನಾನು ಕಣ್ಣು ಬಿಡುತ್ತಿದ್ದೆ, ಅವನು ಹೆದರಿ ಮತ್ತೆ ಬೀಸುತ್ತಿದ್ದ. ಜ್ವರ ಎರಡೇ ದಿನಕ್ಕೆ ಇಳಿಯಿತು. ನಾನು ಏಳಲಿಲ್ಲ.

ದೊಡ್ಡ ಡಾಕ್ಟರು ಕುದುರೆಗಾಡಿಯಲ್ಲಿ ಬಂದರು. ಗೀರಿದ ಮರುದಿನವೇ ಅವರ ಹತ್ತಿರ ಹೋಗಿದ್ದ ಅಮ್ಮೆಯಣ್ಣ ಜೊತೆಯಲ್ಲೇ ಬಂದ. ನಮ್ಮ ಅಂಗಳದಲ್ಲೇ ಮಕ್ಕಳನ್ನು ಸಾಲಾಗಿ ನಿಲ್ಲಿಸಿದರು. ಒಳಗೆ ಬಾಗಿಲ ಸಂದಿನಿಂದ ನನಗೆ ಎಲ್ಲ ಕೇಳುತ್ತಿತ್ತು, ಸ್ವಲ್ಪ ಕಾಣುತ್ತಿತ್ತು. ಒಂದೊಂದೇ ತೋಳು ಎತ್ತಿ ನೋಡಿದರು. ಎಲ್ಲ ನುಣ್ಣಗೆ. ಗೀರಿದ ಗುರುತು ಬಿಟ್ಟರೆ ಏನೂ ಇಲ್ಲ.

"ಏನಪ್ಪಾ," ಎಂದರು ದೊಡ್ಡ ಡಾಕ್ಟರು, ಎಲ್ಲರಿಗೂ ಕೇಳುವ ಹಾಗೆ ತಮಿಳಿನಲ್ಲಿ, "ಕುರಿಕೊಬ್ಬು ಸವರಿ ಮಕ್ಕಳ ಮೈಗೆ ಹೊಳಪು ಬರಿಸಿದೀಯಲ್ಲ. ಕುಸ್ತಿಗೆ ಬಿಡೋಣವಾ?"

ಹೆಂಗಸರು ನಕ್ಕರು. ಅವನ ಮೇಲೆ ಸಿಟ್ಟಿಲ್ಲ, ಅವನಿಗೆ ಏನು ಹೋಗುತ್ತಿದೆ ಎಂಬ ಅರಿವೂ ಇಲ್ಲ. ದೊಡ್ಡವರು ತಮಾಷೆ ಮಾಡಿದರು, ನಕ್ಕರು. ತಾವೇ ತೊಳೆಸಿದ ತೋಳುಗಳನ್ನೇ ಹಿಡಿದುಕೊಂಡು ನಕ್ಕರು.

ಅಮ್ಮೆಯಣ್ಣ ನಮ್ಮ ಹೊಸ್ತಿಲಿಗೆ ಬಂದ. ಸಂದಿನಲ್ಲಿ ಅವನ ಪಾದ ಕಂಡಿತು. ಚಪ್ಪಲಿ ಆಚೆ ಬಿಟ್ಟಿದ್ದ, ದಿನಾ ಬಿಡುತ್ತಿದ್ದ ಹಾಗೆ.

"ಪಾಟ್ಟಿ, ನಿನ್ನ ಹುಡುಗಿ ಎಲ್ಲಿ? ಅದೊಂದು ಕೈ ಉಳಿದಿದೆ."

"ಹನುಮಂತನಪಟ್ಟಿಗೆ ಹೋಗವ್ಳೆ, ಅವ್ರತ್ತೆ ಮನೆಗೆ."

"ಬೇವು ಕಟ್ಟಿದೀಯ?"

"ಬಿಸ್ಲಿಗೆ ತಂಬಿ, ತಂಪಿಗೆ."

ಅಮ್ಮ ಕೂತ ಮನೆಯಲ್ಲಿ ಹೊರಗಿನವರ ಕಣ್ಣು ಬಿದ್ದರೆ ಅಮ್ಮ ಮುನಿಯುತ್ತಾಳೆ, ಮನೆಯವರನ್ನು ಎತ್ತುತ್ತಾಳೆ. ಅಜ್ಜಿ ಸುಳ್ಳು ಹೇಳಿದ್ದು ನನ್ನನ್ನೂ ತಮ್ಮನನ್ನೂ ಉಳಿಸಲು. ಬೇವು ಕಟ್ಟಿದ ಬಾಗಿಲು ದಾಟಬಾರದು ಎಂದು ಹಿಂದೆ ಅವನಿಗೆ ಕಲಿಸಿದವಳೂ ಅವಳೇ. ಅವನು ದಾಟಲಿಲ್ಲ. "ಒಂದು ಕೈ ಸಾಕಿತ್ತು ಪಾಟ್ಟಿ," ಎಂದ. ಆ ಒಂದು ಕೈ ಬಾಗಿಲ ಹಲಗೆಯ ಈಚೆ ಇತ್ತು. ಅಣ್ಣಾ ಎಂದರೆ ಸಾಕಿತ್ತು. ನಾನು ಎನ್ನಲಿಲ್ಲ. ಹೆದರಿಕೆಗಲ್ಲ. ಅಂದರೆ ನಾನು ಮತ್ತೆ ಸಗಣಿ ಬಾಚುವವಳಾಗುತ್ತಿದ್ದೆ. ಅಷ್ಟೇ ಕಾರಣ, ಅದಕ್ಕಿಂತ ದೊಡ್ಡದು ಯಾವುದೂ ಇಲ್ಲ.

ಅವತ್ತೇ ಅವನು ಕೊಂಬಿನ ಡಬ್ಬಿಗಳನ್ನೆಲ್ಲ ನಮ್ಮ ಹಿತ್ತಲ ತಿಪ್ಪೆಗೆ ಸುರಿದು, ದೊಡ್ಡ ಡಾಕ್ಟರ ಗಾಡಿಯ ಹಿಂದೆ ನಡೆದು ಹೋದ. ಇನ್ನು ಮೇಲೆ ಹಳೆಯ ಪದ್ಧತಿಯೇ, ಮಗುವಿನಿಂದ ಮಗುವಿಗೆ ಎಂದು ಸಾರಿದರು. ನಮ್ಮವರು ಜೋಳದ ಹೊಲಕ್ಕೆ ಇಳಿದರು. ಒಬ್ಬರೂ ಗೀರಿಸಿಕೊಳ್ಳಲಿಲ್ಲ.

ಬೇಸಗೆ ಮುಗಿಯುವ ಮೊದಲೇ, ವೈಗಾಸಿ ತಿಂಗಳಲ್ಲಿ, ನಿಜವಾದ ಅಮ್ಮೆ ಬಂತು. ಅಣೆಯ ಕೆಲಸಕ್ಕೆ ಹೋಗಿ ಬರುವ ಜನರ ಜೊತೆ ಗಾಡಿದಾರಿ ಹಿಡಿದು ಬಂತು. ನಮ್ಮ ಬೀದಿಯಲ್ಲಿ ಆ ಸಾಲಿನಲ್ಲಿ ನಿಂತ ಮಕ್ಕಳು ಎಷ್ಟೋ ಹೋದವು. ತಮ್ಮನಿಗೂ ಬಂತು. ಅದೇ ಕೋಣೆ, ಅದೇ ಬೇವು. ಈ ಸಲ ಗಾಳಿ ಬೀಸಿದವಳು ನಾನು. ಅವನ ಚಾಪೆಯ ಮೇಲೆಯೇ ಮಲಗಿದೆ, ಅವನ ಬಾಯಿಗೆ ನೀರು ಬಿಟ್ಟೆ, ಮೈ ಒರೆಸಿದೆ. ತಾಯಿ ಅವನನ್ನು ಕರೆದುಕೊಂಡು ಹೋದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ... ಅಜ್ಜಿ ನನ್ನ ತೋಳು ನೋಡುತ್ತಾ ಬಹಳ ಹೊತ್ತು ಕೂತಿದ್ದಳು. ಅವಳಿಗೆ ಓದು ಇರಲಿಲ್ಲ. ಅರ್ಥವಾಗಲು ಓದು ಬೇಕಿರಲಿಲ್ಲ.

ಅಮ್ಮೆ ಇಳಿದ ಮೇಲೆ, ಸತ್ತವರ ಬಟ್ಟೆ ಸುಡಿಸಲು, ಗೋಡೆಗೆ ಸುಣ್ಣ ಹೊಡೆಸಲು ಅಮ್ಮೆಯಣ್ಣನನ್ನೇ ಕಳಿಸಿದರು. ಮುಖ ಬತ್ತಿತ್ತು. ಬಾಗಿಲಲ್ಲಿ ಬೇವು ಇರಲಿಲ್ಲ, ಸೀದಾ ಹಿತ್ತಲಿಗೆ ಬಂದ. ನಾನು ಕಲ್ಲಿನ ಮೇಲೆ ಪಾತ್ರೆ ಉಜ್ಜುತ್ತಿದ್ದೆ. ನನ್ನ ತೋಳು ನೋಡಿ ನಿಂತುಬಿಟ್ಟ. ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತು, ತೋಳನ್ನು ಬೆಳಕಿಗೆ ತಿರುಗಿಸಿದ.

"ಪಾಪಾ, ಇದು ಯಾವಾಗಿನದು?"

"ನೀನು ಗೀರಿದ್ದೇ ಅಣ್ಣ."

"ನೀನು ಹನುಮಂತನಪಟ್ಟಿಲಿ..."

"ಇಲ್ಲ. ಒಳಗಿದ್ದೆ."

ಅವನ ಮುಖ ಅರಳಿತು. ಅಂಥ ಮುಖ ನಾನು ಆಮೇಲೆ ಗಂಡು ಹೆತ್ತ ಮನೆಗಳಲ್ಲಿ ಮಾತ್ರ ನೋಡಿದ್ದೇನೆ. "ಹತ್ತಿದೆ! ಪಾಟ್ಟಿ, ಹತ್ತಿದೆ! ಜೀವ ಇತ್ತು ಅದಕ್ಕೆ, ತಿಂಗಳು ಬಿಸಿಲಲ್ಲಿ ಇದ್ದರೂ ಇತ್ತು!" ಎಂದು ಕೂಗಿ ನಕ್ಕ. ಅಜ್ಜಿ ಹೊರಗೆ ಬಂದಳು. ಅವನು ನಗುತ್ತಲೇ ಸುತ್ತ ನೋಡಿ, "ಎಲ್ಲಿ ನಮ್ಮ ಸಣ್ಣಯ್ಯ? ಅವನ ಕೈನೂ ತೋರಿಸು," ಎಂದ. ತಮ್ಮನನ್ನು ಅವನು ಕರೆಯುತ್ತಿದ್ದದ್ದು ಹಾಗೆ.

ಅಜ್ಜಿ ಹೇಳಿದಳು. "ಅವ್ನಿಲ್ಲ ತಂಬಿ. ಅವುಂದು ತೊಳ್ದೆ ನಾನು. ಎಲ್ರುದೂ ತೊಳ್ದೆ, ಅರಿಸ್ನದ್ ನೀರ್ನಾಗೆ. ಇವ್ಳೊಬ್ಳು ಕರಾ ಹಿಡಿಯಾಕೆ ಓಡಿದ್ಲು."

ನಗು ಅವನ ಬಾಯಿಂದ ಇನ್ನೂ ಪೂರ್ತಿ ಹೋಗಿರಲಿಲ್ಲ. ಅದನ್ನು ಅಂಗೈಯಿಂದ ಮುಚ್ಚಿದ. ಸಾವಿನ ಮನೆಯಲ್ಲಿ ನಕ್ಕೆನಲ್ಲ ಎಂದು ಅವನಿಗೆ ನಾಚಿಕೆ. ತೊಳೆದೆನಲ್ಲ ಎಂದು ಅಜ್ಜಿಗೆ. ನನಗೆ ನನ್ನದು. ಮೂವರೂ ಒಬ್ಬರ ಮುಖ ಒಬ್ಬರು ನೋಡದೆ ಆ ಹಿತ್ತಲಲ್ಲಿ ಇದ್ದೆವು. ಉಜ್ಜದ ಪಾತ್ರೆ ನನ್ನ ಮುಂದೆ ಹಾಗೇ ಇತ್ತು.

"ತೊಳೀಬೇಡಿ ಅಂತ ನಾನು ಹೇಳಬೇಕಿತ್ತು," ಎಂದ ಕೊನೆಗೆ.

"ಹೇಳಿದ್ರೂ ತೊಳೀತಿದ್ದೆ," ಎಂದಳು ಅಜ್ಜಿ.

ಅವಳು ಸುಳ್ಳು ಸಮಾಧಾನ ಹೇಳುವವಳಲ್ಲ. ಅವನು ತಲೆಯಾಡಿಸಿದ. ಎದ್ದು, ಬಂದ ಕೆಲಸ ಮಾಡಿದ. ತಮ್ಮನ ಚಾಪೆಯನ್ನು ತಾನೇ ಸುತ್ತಿ, ತಾನೇ ಹೊತ್ತುಕೊಂಡು ಹೋಗಿ ಸುಟ್ಟ. ಹೋಗುವಾಗ ನನಗೆ ಏನಾದರೂ ಬೈಯುತ್ತಾನೆ ಎಂದು ಕಾದೆ. ಬೈಯಲಿಲ್ಲ. ಕರುವಿನ ಬೆನ್ನು ಒಂದು ಸಲ ಸವರಿದ. ಅಷ್ಟೇ.

ಸುಗ್ಗಿ ಮುಗಿದ ಮೇಲೆ ಅಜ್ಜಿ ಆ ಕರುವಿನ ಹಗ್ಗ ಹಿಡಿದು, ನನ್ನನ್ನೂ ಕರೆದುಕೊಂಡು, ಪೆರಿಯಕುಳಂ ತನಕ ನಡೆದಳು. ಅವನು ಅಲ್ಲಿದ್ದಾನೆ ಎಂದು ಯಾರೋ ಹೇಳಿದ್ದರು. ಈ ಸಲ ಯಾರ ಕೈಯನ್ನೂ ತೊಳೆಯುವುದಿಲ್ಲ, ಮತ್ತೊಂದು ಸಲ ಮಾಡು ಎಂದು ಹೇಳಲು ಹೊರಟಿದ್ದಳು. ಅಲ್ಲಿನ ಆಸ್ಪತ್ರೆಯ ಜವಾನರು "ಅಜ್ಜಿ ಕರುವಿಗೆ ಮದ್ದು ಕೇಳೋಕೆ ಬಂದವ್ಳೆ" ಎಂದು ನಕ್ಕರು. ಅಜ್ಜಿ ನಗಿಸಿಕೊಂಡು ನಿಂತಳು. ಅವನು ವೈದ್ಯದ ಕಲಿಕೆ ಬಿಟ್ಟು ಹಡಗು ಹತ್ತಿ ಬರ್ಮಾಕ್ಕೆ ಹೋದನಂತೆ. ಇನ್ನೊಬ್ಬರು, ಇಲ್ಲ, ದಿಂಡಿಗಲ್ಲಿನಲ್ಲಿ ತೊಗಲಿನ ಮಂಡಿಯಲ್ಲಿ ಗುಮಾಸ್ತನಾಗಿದ್ದಾನೆ ಎಂದರು. ಯಾವುದು ನಿಜವೋ... ಅಜ್ಜಿ ಕರುವಿನ ಹಗ್ಗ ಹಿಡಿದೇ ಮರಳಿದಳು. ದೇವರಿಗೆ ಬಿಟ್ಟ ಹಸುಗಳ ಮಂದೆ ಒಂದಿದೆ ನಮ್ಮವರದು. ಅದರ ಹಾಲು ಕರೆಯುವುದಿಲ್ಲ, ಅದಕ್ಕೆ ನೊಗ ಹೂಡುವುದಿಲ್ಲ. ಕರುವನ್ನು ಆ ಮಂದೆಗೆ ಬಿಟ್ಟಳು. ಅದು ಹಸುವಾಗಿ, ಮುದಿಯಾಗಿ, ಬಹಳ ಕಾಲ ಬದುಕಿತು. ಮೇಯಲು ಹೋಗುವಾಗ ಅದರ ಹೊಟ್ಟೆಯ ಕೂದಲಿಲ್ಲದ ಗುರುತು ಕಾಣುತ್ತಿತ್ತು. ನಾನು ಬೇರೆ ಕಡೆ ನೋಡುತ್ತಿದ್ದೆ.

ಕರುವಿನ ಹಾಲು ಬಿಸಿಲಿನಲ್ಲೂ ಉಳಿಯುತ್ತದೆ ಎಂದು ಆಮೇಲೆ ಬೇರೆ ಯಾರೋ ಕಂಡುಕೊಂಡರಂತೆ. ಈಗ ಎಲ್ಲ ಕಡೆ ಕರುವಿನದೇ. ಅವನೇ ಎಲ್ಲೋ ಹೋಗಿ ಮಾಡಿರಬಹುದು ಎಂದು ಒಂದು ಕಾಲದಲ್ಲಿ ನನಗೆ ನಾನೇ ಹೇಳಿಕೊಂಡಿದ್ದೆ. ಈಗ ಹೇಳಿಕೊಳ್ಳುವುದಿಲ್ಲ. ಬಿಟ್ಟವನು ಬಿಟ್ಟ. ಅವನೂ ಈಗ ಇರಲಾರ, ನನಗಿಂತ ಹತ್ತು ವರ್ಷಕ್ಕೆ ದೊಡ್ಡವನು.

ಕಂಬಳಿ ಒಣಗಿತು. ಕುರಿಯವನು ಹೊದ್ದುಕೊಂಡು ಹೋದ. ಅದೇ ಸಂಜೆ ತಮಟೆಯವನು ಬಂದು, ನಾಳೆ ಬೆಳಗ್ಗೆ ಅಮ್ಮೆ ಕುತ್ತುತ್ತಾರೆ, ತೋಳಿಗೆ ಗೀರುತ್ತಾರೆ, ಮಕ್ಕಳನ್ನು ಕರ್ಕೊಂಡು ಬನ್ನಿ ಎಂದು ಸಾರಿದ. ಮೊಮ್ಮಗನ ಹೆಂಡತಿ ಒಳಗೆ ಹೋಗಿ ಅರಿಶಿನದ ಕೊಂಬು ತೇಯಲು ಕೂತಳು. ಅವಳಿಗೆ ಅದನ್ನು ನಾನು ಕಲಿಸಿದವಳಲ್ಲ. ಬೇಡ ಎಂದೂ ಇಷ್ಟು ವರ್ಷ ಮನೆಯ ಯಾವ ಸೊಸೆಗೂ ಬಾಯಿಬಿಟ್ಟು ಹೇಳಿದವಳಲ್ಲ. ಹೇಳಲು ಹೋದರೆ ಇದೆಲ್ಲವನ್ನೂ ಹೇಳಬೇಕಾಗುತ್ತಿತ್ತು.

ಮರುದಿನ ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದೆ. ಅರಿಶಿನದ ನೀರನ್ನು ಬಾಳೆಯ ಬುಡಕ್ಕೆ ಸುರಿದೆ. ಹಿತ್ತಲ ಬಾಗಿಲಿಗೆ ಅಗಳಿ ಹಾಕಿದೆ. ಮರಿಮಗನಿಗೆ ಗೀರಿಸಿ, ಮಡಿಲಲ್ಲಿ ಹಾಕಿಕೊಂಡು ಆ ಬಾಗಿಲಿಗೇ ಬೆನ್ನು ಕೊಟ್ಟು ಕೂತೆ, ಮೊಣಕೈ ಹಿಡಿದು, ತೋಳಿಗೆ ನನ್ನ ಸೆರಗೂ ತಾಗದ ಹಾಗೆ. "ಹುಚ್ಚಿ ಮುದುಕಿ" ಎಂದು ಅವನ ತಾಯಿ ಗೊಣಗಿದಳು. ಮಗು ಕಿರುಚಿತು, ನನ್ನ ಸೀರೆಯ ಮೇಲೆ ಉಚ್ಚೆ ಹೊಯ್ದಿತು. ತೋಳು ಒಣಗುವ ತನಕ ನಾನು ಏಳಲಿಲ್ಲ.